ಹತ್ತೊಂಬತ್ತು ದಿನದ ಹೊಳಪು

2025ರ ನವೆಂಬರ್ 21, ಶುಕ್ರವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಜೋಗೇಶ್ವರಿ ಪೂರ್ವದ ಠಾಣೆಯೊಂದಕ್ಕೆ ಇಬ್ಬರು ಗಂಡಸರು ಬಂದರು. ಮುಂದೆ ಬಂದವರು ಗ್ರಾಂಟ್ ರೋಡಿನಲ್ಲಿ ಮೂವತ್ತು ವರ್ಷದಿಂದ ಹೊಟೇಲು ನಡೆಸುತ್ತಿದ್ದ ಚೆನ್ನಯ. ಅವರ ಹಿಂದೆ ಮಗ ಸುಕೇಶ್. ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದಿಲ್ಲವೆಂದು ಹಟ ಹಿಡಿದು, ಜೋಗೇಶ್ವರಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹಳೆಯ ಬೈಕುಗಳನ್ನು ಹೊಸದಾಗಿ ಕಟ್ಟಿಕೊಡುವ ವರ್ಕ್‌ಶಾಪ್ ಇಟ್ಟವನು.

ಸಬ್ ಇನ್ಸ್‌ಪೆಕ್ಟರ್ ಶಿವಕುಮಾರಿ ಬಿರಾದಾರ ಕರ್ತವ್ಯದಲ್ಲಿದ್ದಳು. ಅಕ್ಕಲಕೋಟೆಯ ಕಡೆಯವಳು, ಸಯನ್ನಿನಲ್ಲಿ ಮನೆ, ಕಾನ್‌ಸ್ಟೇಬಲ್ ಆಗಿ ಸೇರಿ ಇಪ್ಪತ್ತೆರಡು ವರ್ಷ.

"ಎಂತ ಹೇಳುದು ಮೇಡಂ, ಮುಖ ಪೂರ್ತಿ ಗೀರಿ ಹಾಕಿದ್ದಾರೆ. ನೋಡ್ಲಿಕ್ಕೆ ಆಗುದಿಲ್ಲ" ಎಂದರು ಚೆನ್ನಯ.

"ಯಾರ ಮುಖ?"

"ಮುಖ ಅಲ್ಲ ಮಾರಾಯ್ರೆ, ಸೈಲೆನ್ಸರ್. ಬೈಕಿಂದು."

ಪಕ್ಕದ ಮೇಜಿನ ಕಾನ್‌ಸ್ಟೇಬಲ್ ಚಂಪಾ ನಗು ತಡೆಯಲು ರಿಜಿಸ್ಟರಿನೊಳಗೆ ತಲೆ ಹಾಕಿದಳು.

ಸುಕೇಶನಿಗೆ ನಗು ಬರಲಿಲ್ಲ. "ಅದು ನಾರ್ಮಲ್ ಸೈಲೆನ್ಸರ್ ಅಲ್ಲ ಮೇಡಂ. ಮಿರರ್ ಪಾಲಿಶ್, ಪೂರಾ ಹಾಥ್ ಸೇ. ಹತ್ತೊಂಬತ್ತು ದಿನ ಹಿಡಿದಿದೆ. ಸಂಡೇ ಗೋರೆಗಾಂವಲ್ಲಿ ಶೋ ಉಂಟು, ಆ ಬೈಕಿಗೇ ಸೆಂಟರ್ ಜಾಗ ಕೊಟ್ಟಿದ್ರು. ಅಬ್ ಸಬ್ ಖತಮ್."

ಬಾಗಿಲ ಬಳಿಯ ಬೆಂಚಿನಲ್ಲಿ ಎಂಟೂವರೆಯಿಂದ ಒಬ್ಬ ಹೆಂಗಸು ಕೂತಿದ್ದಳು. ಕೆನ್ನೆ ಊದಿತ್ತು. ಅವಳ ದೂರನ್ನು ತನಿಖೆ ಬೇಡದ ದೂರೆಂದು ಬರೆದು ಚೀಟಿ ಕೊಟ್ಟಾಗಿತ್ತು. ಆದರೂ ಎದ್ದು ಹೋಗಿರಲಿಲ್ಲ. ಚೆನ್ನಯ ಒಳಗೆ ಹೋಗಿ ಠಾಣೆಯ ಮುಖ್ಯಸ್ಥರಾದ ಸೀನಿಯರ್ ಸಾಹೇಬರಿಗೆ ಕೈಮುಗಿದು ಬಂದರು. ಹತ್ತು ನಿಮಿಷದಲ್ಲಿ ಸೈಲೆನ್ಸರಿನ ಎಫ್.ಐ.ಆರ್. ದಾಖಲಾಯಿತು: ಅತಿಕ್ರಮ ಪ್ರವೇಶ, ಲಕ್ಷಕ್ಕೆ ಮೀರಿದ ಹಾನಿ. ಶಿವಕುಮಾರಿ ಟೊಪ್ಪಿಗೆ ಎತ್ತಿಕೊಂಡು ಹೊರಡುವಾಗ ಬೆಂಚಿನ ಹೆಂಗಸು ಅವಳನ್ನೇ ನೋಡಿದಳು. ಚೀಟಿ ಇನ್ನೂ ಅವಳ ಕೈಯಲ್ಲೇ ಇತ್ತು.

ಹನ್ನೊಂದು ನಲವತ್ತೈದಕ್ಕೆ ಪಂಚನಾಮೆ ಶುರುವಾಯಿತು. ಪಕ್ಕದ ವರ್ಕ್‌ಶಾಪುಗಳ ಇಬ್ಬರು ಪಂಚರಾದರು. ವರ್ಕ್‌ಶಾಪಿನ ಬೀಗ ಒಡೆದಿರಲಿಲ್ಲ. ಬೈಕು ಪಶ್ಚಿಮದ ಕಿಟಕಿಗೆ ಅಡ್ಡಲಾಗಿ ನಿಂತಿತ್ತು, ಕಡುಹಸಿರು ಪೆಟ್ರೋಲ್ ಟಾಕಿ, ಕಪ್ಪು ಸೀಟು. ಅದರ ಬಲಕ್ಕೆ ಮುಂದಿನಿಂದ ಹಿಂದಿನವರೆಗೆ ಬಾಗಿಕೊಂಡು ಹೋದ ಸೈಲೆನ್ಸರಿನ ಸ್ಟೀಲು ಕೊಳವೆ ಬೂದಿ ಬಣ್ಣಕ್ಕೆ ತಿರುಗಿತ್ತು.

ಶಿವಕುಮಾರಿ ಮಂಡಿಯೂರಿ ಟಾರ್ಚು ಹಿಡಿದಳು. ಸಿಟ್ಟಿನಲ್ಲಿ ಗೀಚಿದ ಗೀರು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಕಾರಿನ ಬಾಗಿಲುಗಳ ಮೇಲೆ, ಲಿಫ್ಟಿನ ಕನ್ನಡಿಗಳ ಮೇಲೆ ಬೇಕಾದಷ್ಟು ನೋಡಿದ್ದಳು: ಆರಂಭದಲ್ಲಿ ಆಳ, ಕೊನೆಗೆ ಕೈ ಸೋತು ತೆಳು. ಇಲ್ಲಿ ಹಾಗಿರಲಿಲ್ಲ. ಗೀರುಗಳೆಲ್ಲ ಒಂದೇ ಆಳ, ಒಂದೇ ಓರೆ. ಅವುಗಳ ಮೇಲೆ ಅಡ್ಡಲಾಗಿ ಇನ್ನೊಂದು ಸಾಲು, ಅದೂ ಅಷ್ಟೇ ಸಮ. ಬೆರಳು ಹೋಗಲಾರದ ಸಂದಿಯನ್ನೂ ಬಿಟ್ಟಿರಲಿಲ್ಲ.

"ಮೇಡಂ, ಇದು ನೋಡ್ರಿ" ಎಂದಳು ಚಂಪಾ. ಜತ್ತದ ಹುಡುಗಿ, ಕಣ್ಣು ಚುರುಕು.

ಕೊಳವೆಗೆ ಹತ್ತಿದ ಎಂಜಿನ್ನಿನ ಅಂಚಿಗೆ, ಅದರ ಮೇಲಿನ ಹಸಿರು ಬಣ್ಣದ ಅಂಚಿಗೆ, ಕಾಗದದ ಅಂಟುಟೇಪು ಸುತ್ತಿತ್ತು. ಸುಕ್ಕಿಲ್ಲದೆ, ಮೂಲೆಯಲ್ಲಿ ಉಗುರಿನಿಂದ ಒತ್ತಿ ಕೂಡಿಸಿ.

"ಇದು ನೀವು ಹಚ್ಚಿದ್ದಾ?"

ಸುಕೇಶ್ ತಲೆಯಾಡಿಸಿದ. "ನಹೀ ಮೇಡಂ. ನಿನ್ನೆ ಸಾಡೇಚಾರಕ್ಕೆ ನಾವೆಲ್ಲ ಶೋ ಗ್ರೌಂಡಿಗೆ ಹೋದೆವು, ಆಗ ಇರ್ಲಿಲ್ಲ. ಪಾಲಿಶ್‌ನವ್ರು ಹಚ್ತಾರೆ ಇದು, ಸ್ಯಾಂಡ್ ಪೇಪರ್ ತಗುಲಿ ಪೇಂಟ್ ಹಾಳಾಗ್ಬಾರ್ದು ಅಂತ."

"ಕೆಡಿಸೋಕೆ ಬಂದವನು ಬಣ್ಣ ಕೆಡಬಾರದು ಅಂತ ಟೇಪು ಹಚ್ಚಿದ್ದಾನೆ?"

ಬೈಕಿನ ಪಕ್ಕದ ಸ್ಟ್ಯಾಂಡಿನಲ್ಲಿ ಒಂದು ಬೋರ್ಡಿತ್ತು. ಗಡ್ಡದ ಮನುಷ್ಯನೊಬ್ಬ ಹೊಳೆಯುವ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡ ಫೋಟೋ. ಕೆಳಗೆ ಹಿಂದಿಯಲ್ಲಿ ಅವನ ಹೆಸರು, 'ಇವರ ಕೈ, ಹತ್ತೊಂಬತ್ತು ದಿನ' ಎಂಬ ಮಾತು. ಹೆಸರು ಮುಶರಫ.

ಟೇಪನ್ನು ಜೋಪಾನವಾಗಿ ಬಿಡಿಸಿ, ಲಕೋಟೆಗೆ ಹಾಕಿ, ಮೊಹರು ಮಾಡಿದರು. ಬೀಗಕ್ಕೆ ಮೂರು ಕೀಲಿ: ಒಂದು ಸುಕೇಶನದು, ಒಂದು ವಾಚ್‌ಮನ್ ಪೆಟ್ಟಿಗೆಯಲ್ಲಿ, ಇನ್ನೊಂದನ್ನು ಪೈಪು ಕೂಡಿಸುವಾಗ ಮುಶರಫನಿಗೆ ಕೊಟ್ಟದ್ದು ಅವನ ಬಳಿಯೇ ಉಳಿದಿತ್ತು.

ವಾಚ್‌ಮನ್ ಅಂಗಾರ ಕಾರ್ಕಳದ ಕಡೆಯವನು. ರಿಜಿಸ್ಟರನ್ನು ಎದೆಗವಚಿಕೊಂಡು ಬಂದ.

"ಬಂದ ಗಾಡಿ ಎಲ್ಲ ಬರ್ದಿದ್ದೇನೆ ಮೇಡಂ. ಒಂದು ಸೈಕಲ್ ಸಹ ಬಿಟ್ಟಿಲ್ಲ."

"ನಡೆದು ಬಂದವರು?"

"ಗಂಡಸ್ರು ಆದ್ರೆ ಹೆಸರು, ಫೋನ್ ನಂಬ್ರ, ಸೈನ್."

"ಹೆಂಗಸರು?"

"ಹೆಂಗಸ್ರು ಎಂತಕ್ಕೆ ಬರ್ತಾರೆ? ಡಬ್ಬಿ ಕೊಡ್ಲಿಕ್ಕೆ, ಕಸ ಗುಡಿಸ್ಲಿಕ್ಕೆ. ಅವರನ್ನು ಬರೀಲಿಕ್ಕೆ ಸೊಸೈಟಿಯವ್ರು ಹೇಳ್ಲಿಲ್ಲ."

ಗೇಟಿನ ಕ್ಯಾಮೆರಾದಲ್ಲಿ ಗುರುವಾರ ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಹನ್ನೊಂದು ಹೆಂಗಸರು ಡಬ್ಬಿ ಹಿಡಿದು ಒಳಗೆ ಹೋಗಿದ್ದರು. ಆರು ಮಂದಿ ಬುರ್ಖಾದಲ್ಲಿದ್ದರು. ಹನ್ನೊಂದು ಮಂದಿಯಲ್ಲಿ ಒಬ್ಬರ ಹೆಸರೂ ಎಲ್ಲಿಯೂ ಇರಲಿಲ್ಲ.

ಸಂಜೆ ನಾಲ್ಕು ಹದಿನೈದಕ್ಕೆ ಮುಶರಫ ಠಾಣೆಗೆ ಬಂದ. ವಯಸ್ಸು ನಲವತ್ತನಾಲ್ಕು, ಊರು ಇಂಡಿ ತಾಲ್ಲೂಕು, ಮುಂಬಯಿಗೆ ಬಂದು ಇಪ್ಪತ್ತು ವರ್ಷ. ಸುದ್ದಿ ಆಗಲೇ ತಿಳಿದಿತ್ತು. ಸತ್ತ ಮನೆಗೆ ಬಂದವನ ಹಾಗೆ ಕೂತ.

"ಗುರುವಾರ ಸಂಜಿ ಎಲ್ಲಿದ್ರಿ?"

"ಪಾಲಿಶ್ ಅಂಗಡ್ಯಾಗ್ರಿ. ಹೊಳಪು ಹಾಕೂ ಬಫ್ ಮಿಶಿನ್ ಮ್ಯಾಲೆ. ನಾಕು ಮಂದಿ ನೋಡ್ಯಾರ."

"ಕೀಲಿ?"

"ಅಂಗಿ ಕಿಸೆದಾಗ. ಅಂಗಿ ಮನ್ಯಾಗ."

"ಆ ಪೈಪು ಯಾರು ತಿಕ್ಕಿದ್ದು?"

"ನಾನರೀ." ತಡವಿಲ್ಲದೆ ಬಂದ ಉತ್ತರ. "ನಾಕುನೂರು ನಂಬರ್ ಪೇಪರಿಂದ ಎರಡು ಸಾವಿರ ನಂಬರ್ ತನಕ, ನೀರು ಹಚ್ಚಿ ಹಚ್ಚಿ. ಒಂದು ನಂಬರಿನ ಗೆರಿ ಪೂರಾ ಹೋಗೂತನಕ ಮುಂದಿನ ನಂಬರ್ ಮುಟ್ಟೂದಿಲ್ಲ. ಬಫ್ ಮಾಡೂದು ಕಡೀಗೆ, ಒಂದು ತಾಸು."

ಹತ್ತು ಬೆರಳಿನ ಅಚ್ಚು ತೆಗೆದುಕೊಂಡು, ಬೆಳಿಗ್ಗೆ ಬರುವಂತೆ ನೋಟಿಸು ಕೊಟ್ಟು ಕಳಿಸಿದರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಬೆರಳಚ್ಚಿನ ತಜ್ಞರು ಫೋನು ಮಾಡಿದರು. ಟೇಪಿನ ಅಂಟಿನ ಬದಿಗೆ ಎಂಟು ಬೆರಳಿನ ಗುರುತು ಸಿಕ್ಕಿದೆ, ಆದರೆ ಒಂದರಲ್ಲೂ ಗೆರೆಯಿಲ್ಲ.

"ಕೈಗವಸು ಹಾಕಿದ್ದರೆ?"

"ಅಲ್ಲ. ಬರಿಗೈಯೇ, ಬೆವರಿನ ಗುರುತು ಇದೆ. ಗೆರೆ ಸವೆದುಹೋಗಿದೆ. ಕಲ್ಲು ತಿಕ್ಕುವವರು, ಗಾರೆ ಕಲಸುವವರು, ಇಂಥವರಲ್ಲಿ ಕಂಡಿದ್ದೇವೆ. ನೀವು ಕಳಿಸಿದ ಮನುಷ್ಯನ ಹತ್ತೂ ಬೆರಳು ಪುಸ್ತಕದಲ್ಲಿ ಅಚ್ಚು ಹಾಕಿದ ಹಾಗಿವೆ. ಅವನಲ್ಲ."

ಶಿವಕುಮಾರಿ ಫೋನು ಇಟ್ಟು ಸ್ವಲ್ಪ ಹೊತ್ತು ಮುಶರಫನ ಬೆರಳಚ್ಚಿನ ಹಾಳೆಯನ್ನೇ ನೋಡಿದಳು. ಆಮೇಲೆ ಅವನನ್ನು ಒಳಗೆ ಕರೆದಳು. ಹತ್ತೂವರೆ.

"ಮುಶರಫ ಭಾಯ್, ಹತ್ತೊಂಬತ್ತು ದಿನ ನೀರಾಗ ಪೇಪರ್ ತಿಕ್ಕಿದ ಕೈಯಾಗ ಇಷ್ಟು ಚಲೋ ಗೆರಿ ಹ್ಯಾಂಗ ಉಳದಾವು?"

ಅವನು ಮೇಜಿನ ಮೇಲಿದ್ದ ಎರಡೂ ಕೈಗಳನ್ನು ತೊಡೆಯ ಮೇಲಿಳಿಸಿಕೊಂಡ.

"ಟೇಪು ಹಚ್ಚಿದವರ ಬೆರಳಾಗ ಗೆರಿ ಇಲ್ಲ. ನೀವು ಅಲ್ಲ ಅಂತ ಗೊತ್ತಾಗೇದ. ನೀವು ಒಂದು ಮಾತು ಹೇಳಿದ್ರ ಸಾಕು, ಮನೀಗೆ ಹೋಗಬಹುದು. ಆ ಪೈಪು ತಿಕ್ಕಿದವರು ಯಾರು?"

ಮುಶರಫ ಗೋಡೆ ನೋಡಿದ, ಚಂಪಾಳನ್ನು ನೋಡಿದ. ಆಮೇಲೆ ನೆಟ್ಟಗೆ ಕೂತ.

"ಕೆಡಿಸಿದಾಂವ ನಾನ ಮೇಡಂ. ಬರಕೋರಿ. ಬೋರ್ಡಿನ್ಯಾಗ ನನ್ನ ಹೆಸರು ಸಣ್ಣದು ಮಾಡಿ ಹಾಕ್ಯಾರಂತ ಸಿಟ್ಟು ಬಂತು, ಕೆಡಿಸಿಬಿಟ್ಟೆ."

"ಟೇಪು ಯಾಕ ಹಚ್ಚಿದ್ರಿ?"

"ಯಾವ ಟೇಪು?"

ಶಿವಕುಮಾರಿ ಆಗಷ್ಟೇ ಹೇಳಿದ್ದ ಟೇಪಿನ ಮಾತನ್ನೇ ಅವನು ಕೇಳಿಸಿಕೊಂಡಿರಲಿಲ್ಲ. ಬೇರೇನನ್ನೋ ಉಳಿಸಿಕೊಳ್ಳುವ ಅವಸರದಲ್ಲಿದ್ದ.

ಸೀನಿಯರ್ ಸಾಹೇಬರಿಗೆ ಸಮಾಧಾನವಾಯಿತು. "ಒಪ್ಪಿಕೊಂಡನಲ್ಲ? ಕಾಗದ ಮುಗಿಸಿ. ನಾಳೆ ಅವರದು ಶೋ ಇದೆ."

"ನಮ್ಮ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಸರ್. ಬೆರಳು ಅವನದಲ್ಲ."

"ಮಾಡದ್ದನ್ನು ಮಾಡಿದೆ ಅಂತ ಯಾರು ಹೇಳ್ತಾರೆ?"

"ಮಾಡದ್ದನ್ನು ಮಾಡಿದೆ ಅಂತ ಹೇಳಿ ಅಭ್ಯಾಸ ಇದ್ದವರು" ಎಂದು ಶಿವಕುಮಾರಿಗೆ ಅನ್ನಿಸಿತು. "ಎರಡು ತಾಸು ಕೊಡಿ ಸರ್" ಎಂದಷ್ಟೇ ಹೇಳಿದಳು.

ಮುಶರಫನ ಮನೆ ಗುಡ್ಡದ ಬದಿಯ ಚಾಳಿನಲ್ಲಿ, ಕಿರಿದಾದ ಮೆಟ್ಟಿಲೇರಿ ಮೂರನೆಯ ಸಾಲು. ಒಂದೇ ಕೋಣೆ. ಒಲೆಯ ಪಕ್ಕದ ನೀರಿನ ಮೂಲೆಯಲ್ಲಿ ಪಾತ್ರೆಗಳ ಜೊತೆ ಒಂದು ಪ್ಲಾಸ್ಟಿಕ್ ಬಕೆಟ್ಟು. ಅದರ ತಳದಲ್ಲಿ ಬೂದಿ ಬಣ್ಣದ ಕೆಸರು ನಿಂತಿತ್ತು. ಮುಶರಫನ ಹೆಂಡತಿ ಸಮೀನಾ ರೊಟ್ಟಿ ಬಡಿಯುತ್ತಿದ್ದಳು. ಮೂವತ್ತೆಂಟು ವರ್ಷ, ತೆಳ್ಳಗಿನ ಮೈ, ಬಲಭುಜ ಎಡದಕ್ಕಿಂತ ತುಸು ಕೆಳಗೆ. ಪೊಲೀಸರನ್ನು ಕಂಡು ಪಕ್ಕದ ಮನೆಯ ಮಹಾದೇವಿ ಬಾಗಿಲಿಗೆ ಬಂದು ನಿಂತಳು.

"ಕೈ ತೋರಸ್ರಿ" ಎಂದಳು ಶಿವಕುಮಾರಿ.

"ಯಾಕ್ರಿ ಮೇಡಂ, ಬಳಿ ಇಡಸ್ತೀರೇನು?"

ಆದರೂ ಹಿಟ್ಟು ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದಳು. ಬೆರಳ ತುದಿಗಳು ನುಣ್ಣಗಿದ್ದವು, ಒಣಗಿದ ಮೇಣದ ಹಾಗೆ ಮಿನುಗುತ್ತಿದ್ದವು. ಉಗುರಿನ ಬುಡದಲ್ಲಿ ಬೂದಿ ಗೆರೆ.

"ರೇಷನ್ ಅಂಗಡ್ಯಾಗಿನ ಮಿಶಿನ್ ನಿಮ್ಮ ಬೆರಳು ಹಿಡೀತದೇನು?"

"ಇಲ್ರಿ. ಮೂರು ವರ್ಷ ಆತು. ಕಣ್ಣು ತೋರಸಬೇಕು. ಆ ಅಂಗಡಿಯಾಂವ ದಿನಾ ನಗ್ತಾನ, ಅಕ್ಕಾ ನೀ ಇದ್ದಿಯೋ ಇಲ್ಲೋ ಅಂತ."

"ಏನು ಕೆಲಸ ಮಾಡ್ತೀರಿ?"

"ಮನಿ ಕೆಲಸ." ಮುಶರಫನ ಉತ್ತರದ ಹಾಗೆಯೇ, ಇದೂ ತಡವಿಲ್ಲದೆ ಬಂತು.

"ನಮ್ಮವ್ವ ಐವತ್ತು ವರ್ಷ ರೊಟ್ಟಿ ಬಡದಾಳ, ಹೊಲದಾಗ ದುಡದಾಳ. ಆಕಿ ಹೆಬ್ಬಟ್ಟು ಇನ್ನೂ ಬೀಳ್ತದ. ಮನಿ ಕೆಲಸಕ್ಕ ಹಿಂಗ ಆಗೂದಿಲ್ಲ ಸಮೀನಾಬಿ."

ಸಮೀನಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಶಿವಕುಮಾರಿ ಹೇಳಬೇಕಾದ್ದನ್ನು ಹೇಳಿದಳು.

"ನಿಮ್ಮ ಯಜಮಾನ್ರು ಪೈಪು ಕೆಡಿಸಿದಾಂವ ನಾನ ಅಂತ ಒಪ್ಪಿಕೊಂಡಾರ."

ಬಾಗಿಲಲ್ಲಿದ್ದ ಮಹಾದೇವಿ ಕೆನ್ನೆಗೆ ಕೈಹಚ್ಚಿದಳು. "ಅಯ್ಯ, ಏನ್ ಗಂಡಸ! ಮನಿ ಮರ್ಯಾದಿ ಸಲುವಾಗಿ ತಾ ಜೇಲಿಗೆ ಹೊಂಟಾನ. ಇಂಥಾ ಗಂಡ ಯಾರಿಗೆ ಸಿಗ್ತಾನ ಸಮೀನಾ?"

ಸಮೀನಾ ಗ್ಯಾಸು ಆರಿಸಿದಳು.

"ಅದನ್ನೂ ಅವರೇ ತೊಗೊಂಡ್ರಾ?" ಎಂದಳು.

ಆಮೇಲೆ ಗೂಟದ ಮೇಲಿನ ಬುರ್ಖಾ ಎತ್ತಿಕೊಂಡು, "ನಡೀರಿ ಮೇಡಂ. ಬರಿಯೂದು ಅದ" ಎಂದಳು.

ಒಂದು ಹದಿನೈದಕ್ಕೆ ಹೇಳಿಕೆ ಶುರುವಾಯಿತು. ಸಮೀನಾ ಅಳಲಿಲ್ಲ. ಪ್ರಶ್ನೆಗಳಿಗಿಂತ ಮುಂದೆ ಹೋಗಿ ಉತ್ತರ ಹೇಳಿದಳು, ತಡವಾಗಿದೆ ಎನ್ನುವವಳ ಹಾಗೆ.

ಎಂಟು ವರ್ಷದ ಹಿಂದೆ ಮುಶರಫ ಲೋಕಲ್‌ನಿಂದ ಇಳಿಯುವಾಗ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡ. ಅಂಗಡಿಯಲ್ಲಿ ಒಪ್ಪಿಕೊಂಡ ಕೆಲಸವಿತ್ತು. ಸಮೀನಾ ಪೈಪುಗಳನ್ನು ಮನೆಗೆ ತರಿಸಿಕೊಂಡು ನೀರಿನ ಮೂಲೆಯಲ್ಲಿ ಕೂತು ತಿಕ್ಕಿದಳು. ಮೊದಲ ಪೈಪು ಕೆಟ್ಟಿತು. ಎರಡನೆಯದರಲ್ಲಿ ಅವಳಿಗೆ ಗುಟ್ಟು ಸಿಕ್ಕಿತು: ಒಂದೇ ದಿಕ್ಕಿಗೆ ತಿಕ್ಕಬೇಕು, ಮುಂದಿನ ಪೇಪರನ್ನು ಅದಕ್ಕೆ ಅಡ್ಡ ಎಳೆಯಬೇಕು, ನಡುವೆ ಕೈ ತೊಳೆಯಬೇಕು, ಹಳೆಯ ಪೇಪರಿನ ಒಂದು ಕಾಳು ಉಳಿದರೂ ಎಲ್ಲ ಹೋಯಿತು.

"ಯಾರಿಗೂ ಹೇಳಬ್ಯಾಡ್ರಿ, ಹೆಂಗಸು ಮಾಡ್ಯಾಳಂದ್ರ ಗಿರಾಕಿ ಬರೂದಿಲ್ಲ ಅಂದಾಕಿನೂ ನಾನರೀ. ಅವರ ಕೈ ಒಂದು ವರ್ಷಕ್ಕ ನೆಟ್ಟಗಾತು. ಪೇಪರ್ ಮಾತ್ರ ನನ್ನ ಕೈಯಾಗ ಉಳೀತು."

ಸುಕೇಶನ ಪೈಪು ಅವಳ ಕೈಗೆ ಬಂದದ್ದರಲ್ಲೆಲ್ಲ ಕಷ್ಟದ್ದು. ಅದರ ಬಾಗಿನಲ್ಲಿ ಮಿಶಿನ್ ಇಟ್ಟರೆ ಅಲೆ ಬೀಳುತ್ತಿತ್ತು. ಹತ್ತೊಂಬತ್ತು ದಿನ. ಮುಗಿದ ಮೇಲೆ ಸುಕೇಶನನ್ನು ಮದುವೆಯಾಗಲಿರುವ ನಿಶ್ಮಿತಾ ಎಂಬ ಹುಡುಗಿ ಅಂಗಡಿಗೆ ಬಂದು ವಿಡಿಯೋ ಮಾಡಿದಳು. ಸಮೀನಾ ಚಹಾ ತಂದುಕೊಟ್ಟಳು. ಮುಶರಫ ಕ್ಯಾಮೆರಾದ ಮುಂದೆ ಪೇಪರಿನ ನಂಬರುಗಳನ್ನೆಲ್ಲ ಹೇಳಿದ, ತಪ್ಪಿಲ್ಲದೆ. ಅವಳೇ ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಹೇಳಿದ್ದ ಮಾತುಗಳು.

"ಅದು ನಾ ಮಾಡಿದ್ದು ಅಂದೆ ಮೇಡಂ. ಜೋರಾಗೇ ಅಂದೆ. ಎಲ್ಲಾರೂ ನಕ್ರು. ನಮ್ಮವರೂ ನಕ್ಕು, ಹಾಂ ಹಾಂ, ಒರೆಸಾಕಿ ಈಕಿನೇ, ಅಂದ್ರು."

"ಆಮ್ಯಾಲೆ?"

"ಶೋ ನೋಡಾಕ ಬರ್ತೀನಿ ಅಂದೆ. ನಮ್ಮ ಮನಿ ಹೆಂಗಸರು ಅಲ್ಲೆಲ್ಲಾ ಬರೂದು ಬ್ಯಾಡ ಅಂದ್ರು. ಗುರುವಾರ ಕಿಸೆದಾಗಿನ ಕೀಲಿ ತೊಗೊಂಡು, ಖಾಲಿ ಡಬ್ಬಿ ಹಿಡಕೊಂಡು ಹೋದೆ. ಐದೂ ಹತ್ತಕ್ಕ. ಖರೇ ಹೇಳ್ತೀನಿ, ನೋಡಾಕಷ್ಟೇ ಹೋಗಿದ್ದೆ. ನಮ್ಮ ಮನ್ಯಾಗ ಬಿಸಲು ಬರೂದಿಲ್ಲ. ಬಿಸಲಾಗ ಅದು ಹ್ಯಾಂಗ ಕಾಣ್ತದ ಅಂತ ನನಗ ಗೊತ್ತಿರಲಿಲ್ಲ."

"ಹ್ಯಾಂಗ ಕಂಡಿತು?"

ಮೊದಲ ಸಲ ಸಮೀನಾಳ ದನಿ ಇಳಿಯಿತು. "ಪೈಪೇ ಕಾಣಲಿಲ್ರಿ. ಕಿಟಕಿ ಕಾಣ್ತಿತ್ತು, ಹೊರಗಿನ ಗಿಡ, ಮೋಡ. ಅಲ್ಲಿ ಪೈಪು ಅಂತ ಒಂದು ಅದ ಅನ್ನೂದೇ ಗೊತ್ತಾಗಲಿಲ್ಲ. ಭಾಳ ಹೊತ್ತು ಕೂತೆ. ಸಂತೋಷ ಆಗಿತ್ತು ಮೇಡಂ. ಏಳೂ ಮುಂದ ಆ ಬೋರ್ಡು ನೋಡಿದೆ. ಫೋಟೋದಾಗ ಅವರ ಕೈಯಾಗ ನನ್ನ ಹಳೇ ಓಢಣಿ ಇತ್ತು, ನಾ ಪೈಪು ಒರಸೂದು. ಎಂಬತ್ತು ನಂಬರ್ ಪೇಪರ್, ಭಾಳ ಒರಟಂದು, ಅಲ್ಲೇ ಕಪಾಟಿನ್ಯಾಗಿತ್ತು."

"ಟೇಪು ಯಾಕ ಹಚ್ಚಿದ್ರಿ?"

ಸಮೀನಾಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಟಾಕಿ ಬಣ್ಣ ಮಾಡಿದವರು ಬ್ಯಾರೆ ಅಲ್ರಿ? ಅವರ ಕೆಲಸ ನಾ ಯಾಕ ಕೆಡಸ್ಲಿ?"

ಚಂಪಾ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಕೆಡಿಸಿಲ್ಲ ಮೇಡಂ" ಎಂದಳು ಸಮೀನಾ. "ಮೊದಲನೇ ದಿನ ಪೈಪು ಹಂಗೇ ಇರ್ತದ. ಅಲ್ಲೀತನಕ ತಿರುಗಿ ಒಯ್ದೀನಿ ಅಷ್ಟೇ."

ಎರಡು ಗಂಟೆಗೆ ಪಂಚರ ಮುಂದೆ ಅವಳ ಕೈಗೆ ಟೇಪು ಕೊಟ್ಟು, ಕುರ್ಚಿಯ ಕಾಲಿಗೆ ಸುತ್ತಲು ಹೇಳಿದರು. ಸುಕ್ಕಿಲ್ಲದೆ ಸುತ್ತಿ, ಮೂಲೆಯನ್ನು ಉಗುರಿನಿಂದ ಒತ್ತಿದಳು. ಬೆರಳಚ್ಚು ತೆಗೆದುಕೊಂಡರು, ಹಾಳೆಯ ಮೇಲೆ ಹತ್ತು ಕಪ್ಪು ಚುಕ್ಕೆಗಳು ಬಿದ್ದವು.

ಎರಡೂವರೆಗೆ ಸುಕೇಶ್ ಓಡಿಬಂದ. ಯಾರೋ ಎಲ್ಲವನ್ನೂ ಹೇಳಿದ್ದರು. ಸಮೀನಾಳ ಮುಂದೆ ಕುರ್ಚಿ ಎಳೆದುಕೊಂಡು ಕೂತ.

"ಆಂಟೀ, ಕೇಸ್ ಮುಂದೆ ತಗೊಂಡು ಹೋಗುದಿಲ್ಲ, ಅಪ್ಪನಿಗೆ ಹೇಳ್ತೇನೆ. ಕಲ್ ತಕ್ ವಾಪಸ್ ಪಾಲಿಶ್ ಆಗ್ತದಾ?"

"ಹತ್ತೊಂಬತ್ತು ದಿನ."

"ಠೀಕ್ ಹೈ, ಈ ಶೋ ಹೋಯ್ತು. ನೆಕ್ಸ್ಟ್ ಶೋಗೆ ಮಾಡಿ ಕೊಡಿ. ಮಗರ್ ಹೆಸರು ಮಾತ್ರ ಅಂಕಲ್‌ದೇ ಇರ್ಲಿ, ಹಾಂ? ವಿಡಿಯೋ ಎಲ್ಲ ಕಡೆ ಹೋಗಿದೆ. ಈಗ ಚೇಂಜ್ ಮಾಡಿದ್ರೆ ಜನ ನಗ್ತಾರೆ."

ಸಮೀನಾ ಅವನನ್ನು ನೋಡಲಿಲ್ಲ. ಶಿವಕುಮಾರಿಯ ಕಡೆ ತಿರುಗಿ, "ನೀವು ಬರೀರಿ ಮೇಡಂ" ಎಂದಳು.

ಮುಶರಫನನ್ನು ಬಿಡುವ ಮೊದಲು ಅವನ ಹೊಸ ಹೇಳಿಕೆ ಬೇಕಿತ್ತು. ಶಿವಕುಮಾರಿ ಬರೆದು ಓದಿದಳು. ಹೆಂಡತಿಯನ್ನು ದಸ್ತಗಿರಿ ಮಾಡಲಿರುವ ವಿಷಯ ತನಗೆ ತಿಳಿಸಲಾಗಿದೆ ಎಂಬಲ್ಲಿ ಅವನು ಕೂಡಲೇ ಸಹಿ ಹಾಕಿದ. 'ಸದರಿ ಪೈಪನ್ನು ತಿಕ್ಕಿ ಹೊಳಪು ಮಾಡಿದವಳು ನನ್ನ ಹೆಂಡತಿ' ಎಂಬಲ್ಲಿ ಪೆನ್ನು ನಿಂತಿತು.

"ಇದು ತೆಗೀರಿ ಮೇಡಂ. ಉಳದಿದ್ದೆಲ್ಲಾ ಇರಲಿ."

"ಖರೇ ಅಲ್ಲೇನು?"

"ಖರೇನ. ಆದ್ರ ಕಾಗದದ ಮ್ಯಾಲೆ ಬ್ಯಾಡ. ನಾಳೆ ಗಲ್ಲಿಯೊಳಗ ಹ್ಯಾಂಗ ತಿರುಗಾಡ್ಲಿ?"

ಐದು ಹೆಜ್ಜೆ ದೂರದಲ್ಲಿ ಬೆಂಚಿನ ಮೇಲೆ ಕೂತಿದ್ದ ಸಮೀನಾಗೆ ಎಲ್ಲವೂ ಕೇಳಿಸುತ್ತಿತ್ತು. ಸಾಕ್ಷಿಯ ಹೇಳಿಕೆಗೆ ಸಹಿ ಬೇಕೇಬೇಕೆಂದಿಲ್ಲ. ಶಿವಕುಮಾರಿ ಆ ಸಾಲನ್ನು ಹೊಡೆಯಲಿಲ್ಲ, ಸಹಿಗೆ ಒತ್ತಾಯವನ್ನೂ ಮಾಡಲಿಲ್ಲ. ಅವನು ಹೆಂಡತಿಯ ಮುಂದೆಯೇ ಹಾದು, ಅವಳ ಚಪ್ಪಲಿಯನ್ನು ದಾಟಿಕೊಂಡು ಹೊರಗೆ ಹೋದ.

ದಸ್ತಗಿರಿ ಮೂರು ಗಂಟೆ ಹತ್ತು ನಿಮಿಷಕ್ಕೆ. ಜಾಮೀನು ಸಿಗುವ ಅಪರಾಧ. ಮಹಾದೇವಿ ಜಾಮೀನು ನಿಲ್ಲಲು ಒಪ್ಪಿ, ತನ್ನ ಗಂಡನಿಗೆ ತಿಳಿಯದಿರಲಿ ಎಂದು ಬೇಡಿಕೊಂಡಳು. ಪತ್ರಿಕೆಗಳಿಗೆ ಹೋಗುವ ಟಿಪ್ಪಣಿ ಸೀನಿಯರ್ ಸಾಹೇಬರ ಹೆಸರಿನಲ್ಲಿ ತಯಾರಾಗಿತ್ತು, ಅವರ ಮಾರ್ಗದರ್ಶನದಲ್ಲಿ ಒಂದೇ ದಿನದಲ್ಲಿ ಪತ್ತೆ ಎಂದು. ಶಿವಕುಮಾರಿ ಅದನ್ನು ಓದಿ, ಒಂದು ಅಕ್ಷರ ತಪ್ಪಿದ್ದನ್ನು ತಿದ್ದಿ ಕಳಿಸಿದಳು.

ಕೊನೆಗೆ ಸಮೀನಾಳ ಹೇಳಿಕೆಯಲ್ಲಿ ಕಾರಣ ಬರೆಯಬೇಕಿತ್ತು. 'ಗಂಡನ ಮೇಲಿನ ಸಿಟ್ಟಿನಿಂದ' ಎಂದು ಚಂಪಾ ಹೇಳಿಕೆಯ ಕೊನೆಗೆ ಮರಾಠಿಯಲ್ಲಿ ಬರೆದಿಟ್ಟಿದ್ದಳು. ಶಿವಕುಮಾರಿ ಅದನ್ನು ಕನ್ನಡದಲ್ಲಿ ಓದಿಹೇಳಿದಾಗ ಸಮೀನಾ ತಲೆಯಾಡಿಸಿದಳು.

"ಸಿಟ್ಟು ಅಲ್ರಿ. ನಾ ಮಾಡಿದ್ದು, ನಾ ಅಳಿಸೀನಿ. ಎರಡೂ ಬರೀರಿ."

ಕೋರ್ಟಿಗೆ ಬೇಕಾದ್ದು ಎರಡನೆಯದು ಮಾತ್ರ. ಮೊದಲನೆಯದನ್ನು ಸರಕಾರಿ ವಕೀಲರು ಓದದೆ ಪುಟ ತಿರುಗಿಸುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಕಾಗದಗಳು ಎಲ್ಲಿಗೆ ಹೋಗುತ್ತವೆಂದು ಶಿವಕುಮಾರಿ ನೋಡಿದ್ದಳು. ಆದರೂ ಚಂಪಾಳ ಸಾಲನ್ನು ಹೊಡೆದುಹಾಕಿ ತನ್ನ ಕೈಯಿಂದಲೇ ಬರೆದಳು. ಆಮೇಲೆ ಕನ್ನಡದಲ್ಲಿ ಓದಿಹೇಳಿದಳು: "ಸದರಿ ಸೈಲೆನ್ಸರನ್ನು ಹತ್ತೊಂಬತ್ತು ದಿನ ಕೈಯಿಂದ ತಿಕ್ಕಿ ಕನ್ನಡಿಯ ಹಾಗೆ ಮಾಡಿದವಳು ಆರೋಪಿ ಸಮೀನಾ. ಅದನ್ನು ಕೆಡಿಸಿದವಳೂ ಆಕೆಯೇ."

ಸಮೀನಾ ಹೇಳಿಕೆಯ ಕೆಳಗೆ ಕನ್ನಡದಲ್ಲಿ ದುಂಡಗೆ ಹೆಸರು ಬರೆದಳು. ಪೆನ್ನು ಮುಚ್ಚಳ ಹಾಕಿ ಕೊಟ್ಟಳು. ಏಳಲಿಲ್ಲ.

"ಇನ್ನೊಮ್ಮೆ ಓದ್ರಿ ಮೇಡಂ" ಎಂದಳು. "ಮೊದಲನೇ ಸಾಲಷ್ಟೇ."